ಮಂಡಿ ನೋಡಿ ಮುಂಗಡ

ಹಾಕಿ ಆಟಗಾರರ ಹರಾಜನ್ನು ಟಿವಿಯಲ್ಲಿ ತೋರಿಸುವಾಗ ನಮ್ಮ ಮನೆಯ ಹುಡುಗರಿಗೆ ಊಟವೂ ಬೇಡ. 2012ರ ಡಿಸೆಂಬರಿನಲ್ಲಿ ಹಾಕಿ ಇಂಡಿಯಾ ಲೀಗಿನ ಮೊದಲ ಹರಾಜು ನಡೆದಾಗ ಕೊಡಗಿನ ವಿ.ಆರ್. ರಘುನಾಥರಿಗೆ ಉತ್ತರ ಪ್ರದೇಶದ ತಂಡ 76,000 ಡಾಲರ್ ಕೊಟ್ಟಿತು. ಕೆಲವು ವರ್ಷ ನಿಂತುಹೋಗಿದ್ದ ಲೀಗಿಗೆ 2024ರಲ್ಲಿ ಮತ್ತೆ ಜೀವ ಬಂತು. ಆ ಅಕ್ಟೋಬರಿನ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್ 78 ಲಕ್ಷ ರೂಪಾಯಿಗೆ ಹೋದರು. ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರಂಥ ಓಟಗಾರನಿಗೂ 2018ರಲ್ಲಿ ಮೊಣಕಾಲಿನ ಪೆಟ್ಟಿನಿಂದ ಭುವನೇಶ್ವರದ ವಿಶ್ವಕಪ್ ತಪ್ಪಿತ್ತು ಎಂದು ನಾನು ಹೇಳಿದೆ. ಮೊಮ್ಮಗ ಕೇಳಿದ: "ಕಾಲು ಸಮ ಇಲ್ಲದಿದ್ದವ್ನ ದುಡ್ಡು ಕೊಟ್ಟು ಯಾರು ತಗತ್ವ ಅಜ್ಜ?"

ತಗೊಳ್ಳುವವರು ಇದ್ದರು. ಅಂಥದೊಂದು ವ್ಯಾಪಾರ ನಮ್ಮ ಮನೆಯ ಜಗಲಿಯಲ್ಲೇ ಕುದುರಿದ್ದನ್ನು ನಾನು ಕಂಡಿದ್ದೇನೆ. ಅದು ಯಕ್ಷಗಾನದ ವ್ಯಾಪಾರ. ಒಳ್ಳೆಯ ಕುಣಿತದ ಹುಡುಗನೊಬ್ಬನನ್ನು ಒಂದು ಮೇಳ ಬಿಡುವುದು, ಇನ್ನೊಂದು ಮೇಳ ಹಿಡಿಯುವುದು, ನಡುವೆ ಅವನ ಮಂಡಿಯ ಬೆಲೆ ಕಟ್ಟುವುದು ನಮ್ಮ ಸೀಮೆಯಲ್ಲಿ ಟಿವಿ ಬರುವುದಕ್ಕೂ ಮೊದಲೇ ಇತ್ತು. ಅದರ ಲೆಕ್ಕ ಮಾತ್ರ ಯಾವ ಪತ್ರಿಕೆಯಲ್ಲೂ ಬರುತ್ತಿರಲಿಲ್ಲ.

ನಮ್ಮ ಕಾನಸೂರು ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ರಸ್ತೆಯ ಮೇಲಿನ ಸಣ್ಣ ಪೇಟೆ. ಸುತ್ತಮುತ್ತಲ ಊರವರೆಲ್ಲ ಅಡಿಕೆ ತೋಟದವರು. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಡೇರೆ ಎದ್ದಿತೆಂದರೆ ಹತ್ತೂ ದಿಕ್ಕಿನಿಂದ ಗ್ಯಾಸ್‌ಲೈಟು, ಸೂಡಿ, ಬ್ಯಾಟರಿ ಹಿಡಿದು ಜನ ಬರುತ್ತಿದ್ದರು. ಹರೆಯದಲ್ಲಿ ನಾನೂ ನಾಲ್ಕು ಜನ ಗೆಳೆಯರೂ ಸೇರಿ ಆಟ ಕಂತ್ರಾಟು ಹಿಡಿಯುತ್ತಿದ್ದೆವು. ಮೇಳಕ್ಕೆ ವೀಳ್ಯ ಕೊಟ್ಟು ತಾರೀಕು ಗೊತ್ತು ಮಾಡುವುದು, ಕರಪತ್ರ ಅಚ್ಚು ಹಾಕಿಸುವುದು, ಜೀಪಿಗೆ ಮೈಕು ಕಟ್ಟಿ ಸಿದ್ದಾಪುರದವರೆಗೂ ಕೂಗಿಸುವುದು, ಬೆಳಗಾದ ಮೇಲೆ ಟಿಕೆಟ್ಟಿನ ಅಡಿಪ್ರತಿ ಎಣಿಸಿ ಲಾಭವೋ ಲುಕ್ಸಾನೋ ನೋಡುವುದು ನಮ್ಮ ಕೆಲಸ. ಹಾಗಾಗಿ ಬಣ್ಣ ಹಚ್ಚುವ ಚೌಕಿಯ ಒಳಗೂ ಹೊರಗೂ ನಮಗೆ ಸಲಿಗೆ ಇತ್ತು.

ಮೊದಲು ಕಲಾವಿದನಿಗೆ ಇಷ್ಟು ಬೆಲೆ ಇರಲಿಲ್ಲ, ಕಲೆಗೆ ಇತ್ತು. ಹೊನ್ನಾವರ ಸೀಮೆಯ ಭಾಗವತರ ಮೇಳ ಸಾಂಗ್ಲಿಯಲ್ಲಿ ಆಡಿದ ಆಟವನ್ನು ಕಂಡು ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾ ಸ್ವಯಂವರ' ಕಟ್ಟಿದರು ಎಂಬುದರಿಂದಲೇ ಮರಾಠಿ ರಂಗಭೂಮಿಯ ಚರಿತ್ರೆ ಶುರುವಾಗುತ್ತದೆ. ರೈಲಿಲ್ಲದ, ಮೋಟಾರಿಲ್ಲದ ಆ ಕಾಲದಲ್ಲಿ ಘಟ್ಟ ಹತ್ತಿ ಅಲ್ಲಿಯವರೆಗೆ ಹೋದವರ ಕಾಲು ಎಂಥ ಕಾಲಾಗಿದ್ದಿರಬೇಕು! ಆಮೇಲೂ ಬಹಳ ಕಾಲ ಮೇಳವೆಂದರೆ ದೇವಸ್ಥಾನದ್ದು, ಇಲ್ಲವೇ ಒಂದು ಮನೆತನದ್ದು. ಹೊನ್ನಾವರದ ಗುಂಡಬಾಳೆಯ ದೇವರ ಎದುರು ಹರಕೆಯ ಆಟ ರಾತ್ರಿ ರಾತ್ರಿ ನಡೆಯುತ್ತ ಬಂದಿದೆ. ಮಂದಾರ್ತಿಯ ಮೇಳಗಳಿಗೆ ಹರಕೆ ಹೇಳಿದವರು ವರ್ಷಗಟ್ಟಲೆ ಪಾಳಿ ಕಾಯಬೇಕು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿಯ ಹೆಸರಿನಲ್ಲಿ ಮಂಡಳಿ ಕಟ್ಟಿದಾಗ ಅದರ ಬೆನ್ನೆಲುಬು ಅವರ ಮನೆಯೇ ಆಗಿತ್ತು. ಇಂಥ ಕಡೆ ಕಲಾವಿದ ಬಂದವನು ಹೋಗುವುದು ಅಪರೂಪ. ಕಾಲು ಉಳುಕಿದರೆ ಎರಡು ದಿನ ಚೌಕಿಯಲ್ಲಿ ಬಣ್ಣ ಅರೆಯುತ್ತಿದ್ದ, ಮೂರನೇ ದಿನ ಕುಣಿಯುತ್ತಿದ್ದ. ಸಂಬಳ ಕಡಿಮೆ, ಆದರೆ ಹರಕೆಯ ಆಟಕ್ಕೆ ಇಂಥವನೇ ಬೇಕೆಂಬ ಹಟವೂ ಕಡಿಮೆ. ದೇವರಿಗೆ ಆಟ ಸಲ್ಲಬೇಕು, ಅಷ್ಟೆ.

ಇದನ್ನು ಬದಲಿಸಿದ್ದು ಡೇರೆ. 1950ರ ದಶಕದಿಂದ ಈಚೆಗೆ ಟಿಕೆಟ್ಟಿನ ಆಟ ಬಂತು. ನೆಲ, ಬೆಂಚು, ಕುರ್ಚಿ, ಎಲ್ಲಕ್ಕಿಂತ ಮುಂದೆ ಆರಾಮ ಕುರ್ಚಿ ಎಂದು ದರದ ಸಾಲುಗಳಾದವು. ಪಳ್ಳಿ ಸೋಮನಾಥ ಹೆಗ್ಡೆಯವರ ಸಾಲಿಗ್ರಾಮ ಮೇಳ, ಕೋಟದ ಅಮೃತೇಶ್ವರಿ ಮೇಳ, ಪೆರ್ಡೂರು ಮೇಳ ನಮ್ಮ ಕಡೆ ಮನೆಮಾತಾದವು. ದುಡ್ಡು ಕೊಟ್ಟು ಒಳಗೆ ಬಂದವನು ಕರಪತ್ರದಲ್ಲಿ ಹೆಸರು ನೋಡಿಯೇ ಬರುತ್ತಾನೆ. ಪ್ರಸಂಗದ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ವೇಷಧಾರಿಯ ಹೆಸರು ಬಂತು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ, ಭಸ್ಮಾಸುರ ಇದೆಯೆಂದರೆ ನಾವು ಕೌಂಟರಿನಲ್ಲಿ ಚಿಲ್ಲರೆ ಕಡಿಮೆ ಬೀಳದಂತೆ ಬೆಳಿಗ್ಗೆಯೇ ಪೇಟೆಯ ಅಂಗಡಿಗಳಲ್ಲಿ ಹೇಳಿಡುತ್ತಿದ್ದೆವು. ಹೊನ್ನಾವರದ ಕಡೆಯ ಆ ಕಲಾವಿದ ಅಮೃತೇಶ್ವರಿ, ಪೆರ್ಡೂರು ಎಂದು ತೆಂಕಣ ದಿಕ್ಕಿನ ಮೇಳಗಳಲ್ಲೂ ಮೆರೆದರು. ಎತ್ತ ಹೋದರೂ ನೋಡುವ ಜನ ಅವರ ಬೆನ್ನಿಗೇ ಹೋದರು. ಒಬ್ಬ ವೇಷಧಾರಿಯ ಜೊತೆಗೆ ಒಂದು ಗಲ್ಲಾಪೆಟ್ಟಿಗೆಯೂ ಮೇಳ ಬದಲಿಸುತ್ತದೆ ಎಂದು ಯಜಮಾನರಿಗೆ ತಿಳಿದದ್ದು ಆಗಲೇ.

ಮುಂಗಡದ ಪದ್ಧತಿ ಬಲಿತದ್ದೂ ಆಗಲೇ. ತಿರುಗಾಟ ದೀಪಾವಳಿಯ ಆಚೀಚೆ ಶುರುವಾಗಿ ಮಳೆ ಹಿಡಿಯುವ ಹೊತ್ತಿಗೆ ಮುಗಿಯುತ್ತದೆ. ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದನಿಗೆ ಐದಾರು ತಿಂಗಳು ಸಂಬಳವಿಲ್ಲ. ಜೂನಿನಲ್ಲಿ ಮಕ್ಕಳ ಶಾಲೆ, ಆಷಾಢದ ಅಕ್ಕಿ, ಮಾಡಿನ ಹಂಚು ಎಲ್ಲಕ್ಕೂ ದುಡ್ಡು ಬೇಕಾಗುವುದು ಆಗಲೇ. ಕೊಡೆ ಹಿಡಿದು ಮೇಳದ ಮ್ಯಾನೇಜರು ಮನೆಗೆ ಬರುತ್ತಾನೆ. ಎಲೆ ಅಡಿಕೆಯ ತಟ್ಟೆಯಲ್ಲಿ ನೋಟು ಇಡುತ್ತಾನೆ. ಅದನ್ನು ಮುಟ್ಟಿದರೆ ಬರುವ ತಿರುಗಾಟ ಆ ಮೇಳಕ್ಕೆ ಸೇರಿತು. ತಿರುಗಾಟದ ಸಂಬಳದಲ್ಲಿ ಅದು ವಜಾ ಆಗಬೇಕು. ಆದರೆ ಮದುವೆ, ಕಾಯಿಲೆ, ಮನೆ ಎಂದು ಪ್ರತಿ ವರ್ಷ ಸ್ವಲ್ಪ ಹೆಚ್ಚು ಪಡೆದವನಿಗೆ ಬಾಕಿ ಉಳಿಯುತ್ತ ಹೋಗುತ್ತದೆ. ಬಾಕಿ ಇದ್ದವನು ಮೇಳ ಬಿಡುವಂತಿಲ್ಲ. ಬೇರೆ ಮೇಳಕ್ಕೆ ಅವನು ಬೇಕಿದ್ದರೆ ಹಳೆಯ ಯಜಮಾನನ ಬಾಕಿ ತೀರಿಸಿ ಬಿಡಿಸಿಕೊಳ್ಳಬೇಕು. ಮಳೆಗಾಲಕ್ಕೆ ಅಕ್ಕಿ ಕೊಟ್ಟ ಕೈಯೇ ಕಾಲಿಗೆ ಹಗ್ಗವನ್ನೂ ಹಾಕುತ್ತಿತ್ತು. ಎರಡೂ ನಿಜ. ಒಂದನ್ನು ಮಾತ್ರ ಹೇಳಿದರೆ ಯಜಮಾನರಿಗೂ ಅನ್ಯಾಯ, ಕಲಾವಿದರಿಗೂ ಅನ್ಯಾಯ.

ಇನ್ನು ಮಂಡಿಯ ವಿಷಯ. ಬಡಗುತಿಟ್ಟಿನ ಕುಣಿತದಲ್ಲಿ ಜನ ಚಪ್ಪಾಳೆ ತಟ್ಟುವುದು ಮಂಡಿಗೆ. ಅಭಿಮನ್ಯು, ಬಭ್ರುವಾಹನ, ಸುಧನ್ವ, ವೃಷಸೇನರಂಥ ಎಳೆಯ ವೀರರು ಬಂದರೆ ನೆಲಕ್ಕೆ ಮೊಣಕಾಲು ಊರಿ, ಒಂದಾದ ಮೇಲೊಂದು ಮಂಡಿಯ ಮೇಲೆ ಗಿರಗಿರನೆ ತಿರುಗುತ್ತ ರಂಗಸ್ಥಳವನ್ನು ಸುತ್ತಬೇಕು. ಮೈಮೇಲೆ ಕವಚ, ಕಟ್ಟು, ಭುಜಕೀರ್ತಿ; ತಲೆಯ ಮೇಲೆ ಬಿಗಿದು ಕಟ್ಟಿದ ಮುಂದಲೆ. ಚಂಡೆಯವನು ಹುರುಪಿನಲ್ಲಿದ್ದರೆ ಲಯ ಏರುತ್ತಲೇ ಹೋಗುತ್ತದೆ. ಹಿಂದೆ ಗದ್ದೆಯ ಮಣ್ಣಿನ ಮೇಲೆ ಆಡುತ್ತಿದ್ದಾಗ ನೆಲ ಸ್ವಲ್ಪ ತಗ್ಗಿ ಕೊಡುತ್ತಿತ್ತು. ಡೇರೆಯ ಹಲಗೆ ಕೊಡುವುದಿಲ್ಲ. ಚೌಕಿಯಲ್ಲಿ ಹುಡುಗರು ಮೊಣಕಾಲಿಗೆ ಹಳೆಯ ಬಟ್ಟೆಯನ್ನು ಪದರ ಪದರವಾಗಿ ಸುತ್ತಿ ಅದರ ಮೇಲೆ ಇಜಾರು ಏರಿಸುತ್ತಿದ್ದರು. ಬೆಳಗಿನ ಜಾವ ಬಿಚ್ಚುವಾಗ ಬಟ್ಟೆ ಚರ್ಮಕ್ಕೆ ಅಂಟಿರುತ್ತಿತ್ತು. ಕೊಬ್ಬರಿ ಎಣ್ಣೆ ಬಿಟ್ಟು ನೆನೆಸಿ ಎಳೆಯುತ್ತಿದ್ದರು. ಹಗಲು ನಿದ್ದೆ, ರಾತ್ರಿ ಮತ್ತೆ ಅದೇ ಮಂಡಿ. ಒಂದು ತಿರುಗಾಟದಲ್ಲಿ ರಜೆಯೆಂಬುದು ಬಹಳ ಕಡಿಮೆ.

ಇದರ ಮೇಲೆ ಜೋಡಾಟ. ಎರಡು ಮೇಳಗಳ ರಂಗಸ್ಥಳ ಅಕ್ಕಪಕ್ಕ, ಒಂದೇ ಪ್ರಸಂಗ, ಜನ ನಡುವೆ. ಅತ್ತಲಿನ ಅಭಿಮನ್ಯು ಹಾಕಿದ ಮಂಡಿಯನ್ನು ಜನ ಬಾಯಿಬಿಟ್ಟು ಎಣಿಸುತ್ತಾರೆ. ಇತ್ತಲಿನವನು ಒಂದಾದರೂ ಹೆಚ್ಚು ಹಾಕದೆ ಬಿಡುವಂತಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬೆಯ ಜಾತ್ರೆಯಲ್ಲಿ ಜೋಡಾಟವಿಲ್ಲದಿದ್ದರೂ ಪೈಪೋಟಿ ಇದ್ದೇ ಇರುತ್ತಿತ್ತು. ಪೇಟೆ ತುಂಬ ಮೇಳದ ಡೇರೆ, ನಾಟಕ ಕಂಪನಿ, ತೊಟ್ಟಿಲು. ಒಂದೇ ಊರಿನಲ್ಲಿ ದಿನಾ ರಾತ್ರಿ ಆಟ, ಪಕ್ಕದ ಡೇರೆಗೆ ಜನ ಹೋಗದಂತೆ ಹಿಡಿದಿಡುವ ಆಟ. ಬರುವ ವರ್ಷ ಯಾರಿಗೆ ಎಷ್ಟು ಮುಂಗಡವೆಂಬುದು ಆ ರಾತ್ರಿಗಳಲ್ಲೇ ಅರ್ಧ ತೀರ್ಮಾನವಾಗುತ್ತಿತ್ತು.

ನಮ್ಮ ಪಕ್ಕದ ಊರಿನ ಹುಡುಗನೊಬ್ಬ ಕಾಲು ಕೆಡಿಸಿಕೊಂಡದ್ದು ಇಂಥದೇ ಜೋಡಾಟದಲ್ಲಿ. ಹೆಸರು ಬೇಡ, ಮೇಳದ ಹೆಸರೂ ಬೇಡ. ಬಾಲಗೋಪಾಲನಿಂದ ಶುರುಮಾಡಿ ನಾಲ್ಕಾರು ತಿರುಗಾಟದಲ್ಲಿ ಅಭಿಮನ್ಯುವಿನವರೆಗೆ ಬಂದಿದ್ದ. ಬಿಲ್ಲು ಹಿಡಿದು ನಿಂತರೆ ಕಣ್ಣು ತೆಗೆಯಲಾಗದ ನಿಲುವು. ಮಂಡಿ ಹಾಕುತ್ತ ಹಾಕುತ್ತ ಹಲಗೆಗಳ ಸಂದಿನಲ್ಲಿ ಮೊಣಕಾಲು ತಿರುಚಿತು. ಪದ್ಯ ಮುಗಿಯುವವರೆಗೂ ಒಂಟಿಕಾಲಿನ ಮೇಲೆ ನಿಂತೇ ಯುದ್ಧ ಮಾಡಿದ. ಜನ ಅದನ್ನೂ ಕುಣಿತವೆಂದೇ ತಿಳಿದು ಸೀಟಿ ಹೊಡೆದರು. ಚೌಕಿಗೆ ಬಂದವನನ್ನು ಇಬ್ಬರು ಎತ್ತಿಕೊಂಡು ಹೋಗಿ ಮಲಗಿಸಿದರು. ಉಳಿದ ತಿರುಗಾಟಕ್ಕೆ ಅವನಿಲ್ಲ. ನಾಟಿ ವೈದ್ಯರ ಸೊಪ್ಪಿನ ಪಟ್ಟು, ಎಣ್ಣೆ, ಬಿದಿರಿನ ದಬ್ಬೆ ಕಟ್ಟಿ ಎರಡು ತಿಂಗಳು ಅಟ್ಟದ ಕೆಳಗೆ ಬಿದ್ದುಕೊಂಡಿದ್ದ. ಕುಣಿಯದ ದಿನಗಳಿಗೆ ಸಂಬಳವಿಲ್ಲ; ಮೊದಲೇ ಪಡೆದದ್ದು ಬಾಕಿಯಾಗಿ ನಿಂತಿತು.

ಆ ಮಳೆಗಾಲ ಇನ್ನೊಂದು ಮೇಳದವರು ಅವನನ್ನು ಕೇಳಿಕೊಂಡು ಬಂದರು. ಹುಡುಗನ ಅಪ್ಪನಿಗೆ ವ್ಯವಹಾರದ ಮಾತು ಬಾರದು, ಹಾಗಾಗಿ ಕೂತದ್ದು ನಮ್ಮ ಜಗಲಿಯಲ್ಲಿ. ಹಳೆಯ ಮೇಳದ ಮ್ಯಾನೇಜರೂ ಇದ್ದ. ಬಂದವರು ಕುಂದಾಪುರ ಕಡೆಯವರು, ಮೇಳದ ಯಜಮಾನನಿಗೆ ಬೇಕಾದ ಮನುಷ್ಯ, ಹಿಂದೆ ತಾವೂ ವೇಷ ಮಾಡಿದವರು. ಕಾಪಿ ಮುಗಿಸಿ ಲೋಟ ಇಟ್ಟವರೇ, "ಒಂದ್ ನಾಲ್ಕ್ ಮಂಡಿ ಹಾಕ್ ಕಾಂಬ" ಎಂದರು.

"ಮಳೆಗಾಲ ಕಳೀಲಿ, ಸಮ ಆಗ್ತು" ಎಂದ ಅಪ್ಪ.

ಅವರು ಹುಡುಗನನ್ನು ಮಣೆಯ ಮೇಲೆ ಕೂರಿಸಿ, ಕಾಲು ಚಾಚಿಸಿ, ಮೊಣಕಾಲ ಚಿಪ್ಪಿನ ಪಕ್ಕಕ್ಕೆ ಹೆಬ್ಬೆರಳು ಒತ್ತಿದರು. ಹುಡುಗ ಮಾಡಿನ ಕಡೆ ನೋಡಿದ, ಉಸಿರು ಬಿಡಲಿಲ್ಲ. ನನಗೂ ಅರ್ಥವಾಯಿತು, ಅವರಿಗೂ ಆಯಿತು. ಆದರೂ ಅವರು ಎದ್ದುಹೋಗಲಿಲ್ಲ. ಹಳೆಯ ಮೇಳದವನಿಗೆ ಬಾಕಿಯ ಮುಕ್ಕಾಲು ಪಾಲು ಕೊಡುವುದು, ಉಳಿದ ಕಾಲು ಪಾಲಿಗೆ ಬದಲಾಗಿ ತಮ್ಮಲ್ಲಿದ್ದ ಒಬ್ಬ ಚಂಡೆಯವನನ್ನು ಬಿಟ್ಟುಕೊಡುವುದು, ಹುಡುಗನಿಗೆ ಮುಂಗಡ ಅರ್ಧ ಈಗ, ಅರ್ಧ ಮೊದಲ ಸೇವೆಯಾಟ ಆದ ಮೇಲೆ ಎಂದು ಮಾತಾಯಿತು. ರೂಲು ಹಾಳೆಯ ಮೇಲೆ ಬರೆದವನು ನಾನೇ. ರೆವಿನ್ಯೂ ಸ್ಟಾಂಪು ಹಚ್ಚಿ ರುಜು ಹಾಕಿಸಿದೆ. ಎಷ್ಟು ದುಡ್ಡು, ಯಾವ ವೇಷ, ಯಾವ ತಾರೀಕು ಎಲ್ಲ ಅದರಲ್ಲಿತ್ತು. ಕಾಲು ಮತ್ತೆ ಹೋದರೆ ಖರ್ಚು ಯಾರದು ಎಂಬ ಸಾಲು ಇರಲಿಲ್ಲ. ಅಂಥ ಸಾಲು ಬರೆಯುವುದುಂಟು ಎಂದು ಆ ಜಗಲಿಯಲ್ಲಿದ್ದ ಯಾರಿಗೂ ಹೊಳೆಯಲೂ ಇಲ್ಲ.

ಮಕರ ಸಂಕ್ರಾಂತಿಯ ಹೊತ್ತಿಗೆ ಕಾಲು ಮತ್ತೆ ಹೋಯಿತು. ಯಜಮಾನ ಅವನನ್ನು ಮನೆಗೆ ಕಳಿಸಬಹುದಿತ್ತು. ಹಾಗೆ ಕಳಿಸಿದ ಯಜಮಾನರು ಎಷ್ಟೋ ಜನ. ಇಲ್ಲಿ ಮೇಳದ ಭಾಗವತರು ತಡೆದರಂತೆ. "ಕಾಲ್ ಹೋಯ್ತ್, ಬಾಯಿ ಇತ್ತಲೆ" ಎಂದರಂತೆ. ಅಭಿಮನ್ಯುವನ್ನು ಬೇರೆ ಹುಡುಗನಿಗೆ ಕೊಟ್ಟು ಇವನಿಗೆ ಅದೇ ಪ್ರಸಂಗದ ಧರ್ಮರಾಯನನ್ನು ಕೊಟ್ಟರು. ಮಳೆಗಾಲದಲ್ಲಿ ತಾಳಮದ್ದಳೆಗೆ ಕರೆದುಕೊಂಡು ಹೋಗಿ ಹಿರಿಯ ಅರ್ಥಧಾರಿಗಳ ಪಕ್ಕದಲ್ಲಿ ಕೂರಿಸಿದರು. ನಿಧಾನಕ್ಕೆ ವಿದುರ, ಅಕ್ರೂರ, ಕೃಷ್ಣಸಂಧಾನದ ಕೃಷ್ಣ ಅವನ ಪಾಲಿಗೆ ಬಂದವು. ಮಂಡಿಯ ಮೇಲೆ ಬದುಕಿದ್ದರೆ ಮೂವತ್ತಕ್ಕೆ ಮುಗಿಯುತ್ತಿದ್ದವನು ಮಾತಿನ ಮೇಲೆ ಅರವತ್ತರವರೆಗೆ ಮೇಳದಲ್ಲಿದ್ದ. ಎದುರಾದಾಗಲೆಲ್ಲ ನಾನು ಕೇಳುತ್ತಿದ್ದೆ: "ಕಾಲು ಹ್ಯಾಂಗಿದ್ದೋ ತಮಾ?" "ಅಡ್ಡಿಲ್ಲೆ ಭಾವ, ಈಗ ಅದಕ್ಕೆ ಕೆಲಸ ಇಲ್ಲೆ" ಎನ್ನುತ್ತಿದ್ದ.

ಯಕ್ಷಗಾನಕ್ಕೆ ಇರುವ ಈ ಸೌಕರ್ಯ ಹಾಕಿಗೆ ಇಲ್ಲ. ಓಡಲಾಗದ ಮುಂಪಡೆ ಆಟಗಾರನಿಗೆ ಮೈದಾನದಲ್ಲಿ ಕೂತು ಮಾಡುವ ಕೆಲಸವಿಲ್ಲ. ಮೇಳದಲ್ಲಿ ಕೋಡಂಗಿ, ಬಾಲಗೋಪಾಲರಿಂದ ಹಿಡಿದು ಪುಂಡುವೇಷ, ಸ್ತ್ರೀವೇಷ, ಬಣ್ಣದ ವೇಷ, ಎರಡನೇ ವೇಷ, ಹಾಸ್ಯದವರೆಗೆ ಮೆಟ್ಟಿಲುಗಳಿವೆ. ಒಂದರಿಂದ ಜಾರಿದವನು ಇನ್ನೊಂದರ ಮೇಲೆ ನಿಲ್ಲಬಹುದು. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಕುಂಬ್ಳೆ ಸುಂದರ ರಾವ್ ಅವರಂಥವರು ಜನರನ್ನು ಹಿಡಿದಿಟ್ಟದ್ದು ಮಾತಿನಿಂದ. ನಮ್ಮ ಸಿದ್ದಾಪುರ ಸೀಮೆಯಲ್ಲಿ ಕೆರೆಕೈ ಕೃಷ್ಣ ಭಟ್ಟರ ಅರ್ಥಗಾರಿಕೆ ಕೇಳಲು ಜನ ಮಳೆಯಲ್ಲಿ ಮೈಲಿಗಟ್ಟಲೆ ನಡೆಯುತ್ತಿದ್ದರು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಕುರುಕ್ಷೇತ್ರ. ಕಾಲು ಕೆಟ್ಟವನಿಗೆ ಅದಕ್ಕಿಂತ ದೊಡ್ಡ ಆಸರೆ ಇನ್ನೊಂದಿರಲಿಲ್ಲ.

ಎಲ್ಲರಿಗೂ ಆ ಆಸರೆ ಸಿಕ್ಕಿತು ಎಂದರೆ ಸುಳ್ಳಾದೀತು. ಮಾತು ಎಲ್ಲರಿಗೂ ಒಲಿಯುವುದಿಲ್ಲ, ಕೈಹಿಡಿಯುವ ಭಾಗವತ ಎಲ್ಲ ಮೇಳದಲ್ಲೂ ಇರುವುದಿಲ್ಲ. ಮಂಡಿ ಹೋದ ಮೇಲೆ ಬೆಂಗಳೂರಿನ ಹೋಟೆಲು ಸೇರಿದವರನ್ನು, ತೋಟದ ಕೂಲಿಗೆ ಬಂದವರನ್ನು ನಾನು ಬಲ್ಲೆ. ಮೇಳದ ಬಾಕಿ ತೀರಿಸಲು ಹೆಂಡತಿಯ ಸರ ಮಾರಿದವರೂ ಇದ್ದರು. ಕಾಲೊಂದೇ ಅಪಾಯವೂ ಅಲ್ಲ. ಸಾಲಿಗ್ರಾಮ ಮೇಳಕ್ಕೆ ತನ್ನ ಕಂಠದಿಂದಲೇ ಡೇರೆ ತುಂಬಿಸುತ್ತಿದ್ದ ಭಾಗವತ ಗುಂಡ್ಮಿ ಕಾಳಿಂಗ ನಾವಡರು 1958ರಲ್ಲಿ ಹುಟ್ಟಿ 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ರಾತ್ರಿಯಿಡೀ ಎಚ್ಚರವಿದ್ದು ಹಗಲು ಬೈಕಿನಲ್ಲಿ ಊರಿಂದೂರಿಗೆ ಹೋಗುವ ಬದುಕು ಅದು. ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ವೇಷ ಮಾಡಿದ ರಾತ್ರಿಯೇ ತೀರಿಕೊಂಡರು. 2012ರಲ್ಲಿ ಯಕ್ಷಗಾನಕ್ಕೆ ಮೊದಲ ಪದ್ಮಶ್ರೀ ತಂದು, ಎಂಬತ್ತು ದಾಟಿದ ಮೇಲೂ ಕುಣಿದ ಚಿಟ್ಟಾಣಿಯವರನ್ನು ನಾವು ಎತ್ತಿ ಎತ್ತಿ ಹೇಳುತ್ತೇವೆ. ಹೇಳಬೇಕಾದ್ದೇ. ಆದರೆ ಅಂಥ ಮೈ ಒಬ್ಬರಿಗೆ ಇತ್ತು ಎಂಬುದರಿಂದ ಉಳಿದವರ ಮೈಯ ಲೆಕ್ಕ ತಪ್ಪುವುದಿಲ್ಲ.

ಈ ಲೆಕ್ಕವನ್ನು ಮೊದಲು ಗಂಭೀರವಾಗಿ ಹಿಡಿದವರಲ್ಲಿ ಉಡುಪಿಯ ಯಕ್ಷಗಾನ ಕಲಾರಂಗ ಒಂದು. 1975ರಲ್ಲಿ ಹುಟ್ಟಿದ ಆ ಸಂಸ್ಥೆ ಕಲಾವಿದರಿಗಾಗಿ ನಿಧಿ ಮಾಡಿತು, ಕಾಯಿಲೆಗೆ ನೆರವಾಯಿತು, ಮನೆ ಕಟ್ಟಿಸಿಕೊಟ್ಟಿತು. 2015ರಲ್ಲಿ ಶುರುವಾದ ಯಕ್ಷಧ್ರುವ ಪಟ್ಲ ಫೌಂಡೇಶನ್ ಕೂಡ ಕಲಾವಿದರ ವಿಮೆ, ಚಿಕಿತ್ಸೆ ಎಂದು ದುಡಿಯುತ್ತಿದೆ. ಇವೆರಡೂ ಮೇಳದ ಹೊರಗೆ ಹುಟ್ಟಿದ ಸಂಸ್ಥೆಗಳು. ಮಂಡಿಯ ಲಾಭ ಪಡೆದವರು ನಾವು, ಅಂದರೆ ಯಜಮಾನರು, ಕಂತ್ರಾಟುದಾರರು, ಆರಾಮ ಕುರ್ಚಿಯವರು. ಗಾಯದ ಖರ್ಚು ಹೊತ್ತವರು ದಾನಿಗಳು.

ಈಗ ಕಾನಸೂರಿನ ಗದ್ದೆಯಲ್ಲಿ ಡೇರೆ ಏಳುವುದು ಅಪರೂಪ. ಸಭಾಭವನದಲ್ಲಿ ಮೂರು ನಾಲ್ಕು ತಾಸಿನ ಕಾಲಮಿತಿಯ ಆಟ. ಸಂಘಟಕರು ಈ ಮೇಳದಿಂದ ಒಬ್ಬರು, ಆ ಮೇಳದಿಂದ ಇಬ್ಬರು ಎಂದು ಅತಿಥಿ ಕಲಾವಿದರನ್ನು ಕರೆಸುತ್ತಾರೆ. ಹೆಸರಿದ್ದವರಿಗೆ ಒಂದು ರಾತ್ರಿಗೆ ಹಿಂದಿನವರು ಕನಸಿನಲ್ಲೂ ಕಾಣದ ಸಂಭಾವನೆ. ಮುಂಗಡದ ಹಗ್ಗ ಇಲ್ಲ, ಒಳ್ಳೆಯದೇ. ಆದರೆ ಮಂಡಿ ಹೋದವನಿಗೆ ಧರ್ಮರಾಯನನ್ನು ಕೊಡುವ ಭಾಗವತರೂ ಇಲ್ಲ. ಒಂದು ರಾತ್ರಿಗೆ ಬಂದವನಿಗೆ ಒಂದು ರಾತ್ರಿಯ ಸಂಬಂಧ ಅಷ್ಟೆ. ಮೂರು ತಾಸಿನಲ್ಲಿ ಚಪ್ಪಾಳೆ ಗಿಟ್ಟಿಸಬೇಕಾದ್ದರಿಂದ ಹುಡುಗರು ಮಂಡಿಯನ್ನು ಹಿಂದಿಗಿಂತ ಹೆಚ್ಚೇ ಹಾಕುತ್ತಾರೆ, ಮೊಬೈಲು ಹಿಡಿದವರು ಅದನ್ನೇ ತೆಗೆದು ಹಂಚುತ್ತಾರೆ.

ಆಟ ಆಡಿಸುವವರಿಗೆ ನನ್ನದೊಂದು ಮಾತು. ಸಭಾಭವನದ ಬಾಡಿಗೆ, ಮೈಕು, ಫ್ಲೆಕ್ಸು, ಊಟ ಎಂದು ಖರ್ಚಿನ ಪಟ್ಟಿ ಮಾಡುವಾಗ ಕಲಾವಿದರ ವಿಮೆಗೆ ಒಂದು ಸಾಲು ಬರೆಯಿರಿ. ಕುಣಿಯುವ ಜಾಗಕ್ಕೆ ಹಲಗೆಯ ಮೇಲೆ ದಪ್ಪ ಜಮಖಾನ ಹಾಸಿ. ಮಂಡಿ ಎಣಿಸುವ ಸ್ಪರ್ಧೆ ಮಾಡಬೇಡಿ. ಪ್ರೇಕ್ಷಕರೂ ಅಷ್ಟೆ, ಹತ್ತು ಮಂಡಿಗೆ ತಟ್ಟಿದ ಕೈ ಒಂದು ಒಳ್ಳೆಯ ಮಾತಿಗೂ ತಟ್ಟಲಿ. ನಾನು ಬರೆದ ರೂಲು ಹಾಳೆಯಲ್ಲಿ ಬಿಟ್ಟುಹೋದ ಸಾಲನ್ನು ಈಗಿನ ಕರಾರಿನಲ್ಲಿ ಬರೆಯುವುದಕ್ಕೆ ಹೆಚ್ಚು ಶಾಯಿ ಬೇಕಾಗುವುದಿಲ್ಲ.